ಮುಚ್ಚಳದ ಮೇಲೆ ಕೆಂಪು ಚೀಟಿ

ಹೆಂಡತಿಗೆ ನೆಗಡಿ ಹಿಡಿದು ಮೂರನೆಯ ದಿನ, ಭಾನುವಾರ ಮಧ್ಯಾಹ್ನ, ಫೋರ್‌ಮನ್ ತಲೆಯಲ್ಲಿ ಒಂದು ಘನವಾದ ಆಲೋಚನೆ ಹೊಳೆಯಿತು. ಮೊದಲ ಎರಡು ದಿನ ಹೊಳೆಯದೇ ಇದ್ದುದಕ್ಕೆ ಕಾರಣವಿತ್ತು. ಮೊದಲ ದಿನ ಅವಳೇ ಮಾಡಿಟ್ಟದ್ದು ಫ್ರಿಜ್ಜಿನಲ್ಲಿತ್ತು. ಎರಡನೆಯ ದಿನ ಬ್ರೆಡ್ ಇತ್ತು. ಮೂರನೆಯ ದಿನ ಫ್ರಿಜ್ಜಿನ ಬಾಗಿಲು ತೆರೆದರೆ ಒಳಗೆ ಬಲ್ಬು ಮಾತ್ರ ಉರಿಯುತ್ತಿತ್ತು.

ಫೋರ್‌ಮನ್ ಎಂದರೆ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಅಷ್ಟೂ ರೋಗಿಗಳ ಹೊದಿಕೆ, ದಿಂಬಿನ ಚೀಲಗಳನ್ನು ಬೇಯಿಸಿ ಒಣಗಿಸುವ ಆವಿ ಅವನ ಹತೋಟಿಯಲ್ಲಿತ್ತು. ಇಪ್ಪತ್ತಾರು ವರ್ಷಗಳಿಂದ ಅಲ್ಲಿ ಅವನ ಅಪ್ಪಣೆಯಿಲ್ಲದೆ ಒಂದು ವಾಲ್ವ್ ತಿರುಗಿದ್ದಿಲ್ಲ. ಮನೆಯವರೂ ಅವನನ್ನು ಫೋರ್‌ಮನ್ ಎಂದೇ ಕರೆಯುತ್ತಿದ್ದರು. (ಅವರು ಕರೆಯುವಾಗ ಆ ಪದಕ್ಕೆ ಅಷ್ಟು ತೂಕವಿರುತ್ತಿರಲಿಲ್ಲ. ಇರಲಿ.)

ಆ ಮನೆಯಲ್ಲಿ ಯಾರಿಗೆ ಮೈ ಸರಿಯಿಲ್ಲದಿದ್ದರೂ ಉಂಡೆಕೋಳಿ ಆಗಬೇಕು. ಕೋಳಿಯನ್ನು ಮೂಳೆ ಸಮೇತ ನಿಧಾನವಾಗಿ ಬೇಯಿಸಿ, ಮೂಳೆ ಬಿಡಿಸಿ, ಆ ರಸಕ್ಕೆ ಈರುಳ್ಳಿ, ಕ್ಯಾರೆಟ್, ಸ್ವಲ್ಪ ಹಾಲು, ಕಾಳುಮೆಣಸಿನ ಪುಡಿ ಹಾಕಿ, ಕುದಿಯುವಾಗ ಮೈದಾ ಹಿಟ್ಟಿನ ಮೆತ್ತನೆಯ ಉಂಡೆಗಳನ್ನು ಚಮಚದಿಂದ ಬಿಟ್ಟು ಮುಚ್ಚಳ ಮುಚ್ಚುವುದು. ಉಂಡೆಗಳು ಆವಿಯಲ್ಲಿ ಉಬ್ಬಿ ದಿಂಬಿನಂತಾಗುತ್ತವೆ. ಕಾಲೇಜಿನಲ್ಲಿ ಕಾನೂನು ಓದುವ ಮಗಳು ಅದಕ್ಕೆ ಡಂಪ್ಲಿಂಗ್ ಎನ್ನಬೇಕೆಂದು ತಿದ್ದುತ್ತಿದ್ದಳು, ತಿನ್ನುವಾಗ ಮಾತ್ರ ಹೆಸರಿನ ಗೊಡವೆಗೆ ಹೋಗುತ್ತಿರಲಿಲ್ಲ. ಫೋರ್‌ಮನ್‌ನ ತಾಯಿಗೆ ಮಂಡಿನೋವು ಬಂದಾಗ ಉಂಡೆಕೋಳಿ. ಮಗಳು ಪರೀಕ್ಷೆಯಲ್ಲಿ ಒಂದು ವಿಷಯದಲ್ಲಿ ಫೇಲಾದಾಗ ಉಂಡೆಕೋಳಿ. ಫೋರ್‌ಮನ್ ಹಲ್ಲು ಕೀಳಿಸಿಕೊಂಡು ಬಂದಾಗಲಂತೂ ಹೆಂಡತಿ ಉಂಡೆಗಳನ್ನು ಇನ್ನಷ್ಟು ಮೆತ್ತಗೆ ಮಾಡಿ, ಹಾಸಿಗೆಗೇ ತಂದು, ಊದಿ ಊದಿ ಕೊಟ್ಟಿದ್ದಳು.

ಹೆಂಡತಿಗೆ ಹುಷಾರಿಲ್ಲದಾಗ? ಖಾಲಿ ಫ್ರಿಜ್ಜಿನ ಮುಂದೆ ನಿಂತು ಫೋರ್‌ಮನ್ ನೆನಪು ಮಾಡಿಕೊಂಡ. ಎರಡು ವರ್ಷದ ಹಿಂದೆ ಅವಳಿಗೆ ಜೋರು ಜ್ವರ ಬಂದಿತ್ತು. ಆಗಲೂ ಮನೆಯಲ್ಲಿ ಉಂಡೆಕೋಳಿ ಆಗಿತ್ತು, ತಾನು ಎರಡು ಬಟ್ಟಲು ತಿಂದಿದ್ದ. ಮಾಡಿದ್ದು ಯಾರು ಎನ್ನುವಲ್ಲಿಗೆ ಬಂದಾಗ ನೆನಪನ್ನು ಮುಂದುವರಿಸುವುದು ಬೇಡವೆನ್ನಿಸಿತು.

ನೇರವಾಗಿ ಮಲಗುವ ಕೋಣೆಗೆ ಹೋಗಿ ಘೋಷಿಸಿದ. "ಇವತ್ತು ಉಂಡೆಕೋಳಿ ನಾನು ಮಾಡ್ತೀನಿ. ನೀನು ಏಳಲೇಬಾರದು."

ಹೆಂಡತಿ ಕಂಬಳಿಯಿಂದ ಮೂಗು ಹೊರಗೆ ಹಾಕಿದಳು. ಅವಳು ಟೈಲರ್. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮೆಷಿನ್ ಮೂರು ದಿನದಿಂದ ಮುಸುಕು ಹೊದ್ದು ಕೂತಿತ್ತು. ಗಂಟಲು ಪೂರ್ತಿ ಕಟ್ಟಿ, ಪಿಸುಮಾತು ಬಿಟ್ಟರೆ ಬೇರೇನೂ ಹೊರಡುತ್ತಿರಲಿಲ್ಲ. ಅದಕ್ಕೇ ಬಟ್ಟೆ ಅಳೆಯುವ ಮರದ ಸ್ಕೇಲನ್ನು ಪಕ್ಕದಲ್ಲಿಟ್ಟುಕೊಂಡಿದ್ದಳು. ಮಂಚಕ್ಕೆ ಒಂದು ಸಲ ಬಡಿದರೆ ಹೌದು, ಎರಡು ಸಲಕ್ಕೆ ಇಲ್ಲ, ಮೂರು ಸಲಕ್ಕೆ ಇಲ್ಲಿ ಬನ್ನಿ.

"ನಿಮಗೆ ಬರುತ್ತಾ?" ಎಂದು ಪಿಸುಗುಟ್ಟಿದಳು.

"ಅದರಲ್ಲಿ ಬರೋಕೇನಿದೆ? ಆವಿ ತಾನೆ? ನನ್ನ ಜೀವಮಾನವೆಲ್ಲ ಅದರ ಜೊತೆಗೇ ಕಳೆದಿದೆ."

"ಹಿಟ್ಟಿಗೆ ಎರಡು ಚಮಚ ಬೇಕಿಂಗ್ ಪೌಡರ್. ಮರೀಬೇಡಿ. ಮುಚ್ಚಳ ಮುಚ್ಚಿದ ಮೇಲೆ ಹದಿನೈದು ನಿಮಿಷ ಯಾರೂ ತೆಗೀಬಾರದು. ಆವಿ ಹೋದ್ರೆ ಉಂಡೆ ಕೂತ್ಬಿಡುತ್ತೆ."

"ಆವಿ ಬಗ್ಗೆ ನನಗೆ ಹೇಳ್ತಿದ್ದೀಯ" ಎಂದು ಫೋರ್‌ಮನ್ ನಕ್ಕ. ಹೆಂಡತಿ ಮಂಚಕ್ಕೆ ಒಂದು ಸಲ ಬಡಿದಳು.

ಅಡುಗೆಮನೆಗೆ ಹೋದವನು ಮೊದಲು ಮಾಡಿದ ಕೆಲಸ, ಮಗಳ ಹಳೆಯ ನೋಟ್ ಪುಸ್ತಕವೊಂದರಲ್ಲಿ ಗೆರೆ ಎಳೆದು ದಾಖಲೆ ಪುಸ್ತಕ ಮಾಡಿದ್ದು. ಬಾಯ್ಲರ್ ಮನೆಯಲ್ಲಿ ಅವನದೊಂದು ಪದ್ಧತಿಯಿತ್ತು. ಕೆಲಸಕ್ಕೆ ಮೊದಲೇ ಎಲ್ಲ ಹಂತಗಳನ್ನೂ ಬರೆದು ಪಕ್ಕದಲ್ಲಿ ಗುರುತು ಹಾಕಿಬಿಟ್ಟರೆ ಆಮೇಲೆ ನಡುವೆ ಪೆನ್ನು ಹುಡುಕುವ ತಾಪತ್ರಯವಿಲ್ಲ. ಹಾಗೇ ಬರೆದ. ಕೋಳಿ ನೀರಿಗೆ, ಗುರುತು. ಈರುಳ್ಳಿ, ಗುರುತು. ಬೇಕಿಂಗ್ ಪೌಡರ್ ಎರಡು ಚಮಚ, ಗುರುತು. ಸಿಬ್ಬಂದಿ ಎಂಬ ಕಾಲಮ್ಮಿನಲ್ಲಿ 'ಫೋರ್‌ಮನ್ ಮತ್ತು ಇತರರು' ಎಂದು ಬರೆದ.

ಇತರರಿಗೆ ಕೂಡಲೇ ಕೆಲಸ ಹತ್ತಿತು.

"ದೊಡ್ಡ ಪಾತ್ರೆ ಎಲ್ಲಿ?" ಹಿತ್ತಿಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಟಾಣಿ ಬಿಡಿಸುತ್ತಿದ್ದ ತಾಯಿ, "ನಿನ್ನ ತಲೆ ಮೇಲಿನ ಶೆಲ್ಫಲ್ಲಿ" ಎಂದಳು. "ಜರಡಿ ಎಲ್ಲಿ?" ಓದುತ್ತಿದ್ದ ಮಗಳು ಎದ್ದು ಬಂದು ತೆಗೆದುಕೊಟ್ಟಳು. "ಉಪ್ಪು ಎಲ್ಲಿ?" ಉಪ್ಪು ಅವನ ಮೊಣಕೈಗೆ ತಾಗಿಕೊಂಡಿತ್ತು.

"ಲೋ, ಈ ಮನೇಲಿ ನೀನು ಇರೋದು ಎಷ್ಟು ವರ್ಷದಿಂದ?" ಎಂದು ತಾಯಿ ಕೇಳಿದಳು.

"ಅಡುಗೆಮನೇಲಿ ಅಲ್ಲವಲ್ಲಮ್ಮ."

"ಅದೇ ಅಂದೆ."

ಮಲಗುವ ಕೋಣೆಗೂ ಅಡುಗೆಮನೆಗೂ ನಡುವೆ ಹನ್ನೊಂದು ಹೆಜ್ಜೆ. ಫೋರ್‌ಮನ್ ಹಿಟ್ಟು ಮೆತ್ತಿದ ಕೈಯಲ್ಲೇ ಆ ಹಾದಿ ಸವೆಸಿದ. ಹಿಟ್ಟು ಇಷ್ಟು ಗಟ್ಟಿ ಸಾಕಾ? ಎರಡು ಬಡಿತ. ಈಗ? ಎರಡು ಬಡಿತ. ಈಗ? ಒಂದು. ಕೋಳಿ ಬೆಂದಿದೆ ಅಂತ ಗೊತ್ತಾಗೋದು ಹೇಗೆ? ಇದಕ್ಕೆ ಬಡಿತದಲ್ಲಿ ಉತ್ತರವಿರಲಿಲ್ಲ, ಹೆಂಡತಿ ಎದ್ದು ಕೂತು ಪಿಸುಮಾತಿನಲ್ಲಿ ವಿವರಿಸಿ, ಕೆಮ್ಮಿ, ಮತ್ತೆ ಮಲಗಿದಳು. ಅವಳು ಏಳಲೇಬಾರದು ಎಂಬ ಅಪ್ಪಣೆ ಇನ್ನೂ ಜಾರಿಯಲ್ಲಿತ್ತು.

ಕೊನೆಗೂ ಉಂಡೆಗಳು ಪಾತ್ರೆಗೆ ಬಿದ್ದವು. ಫೋರ್‌ಮನ್ ಮುಚ್ಚಳ ಮುಚ್ಚಿ, ಮುಚ್ಚಳದ ಹಿಡಿಯನ್ನು ಪಾತ್ರೆಯ ಎರಡೂ ಕಿವಿಗಳಿಗೆ ದಾರದಿಂದ ಬಿಗಿದ. ಆಮೇಲೆ ಅಂಗಿಯ ಜೇಬಿನಿಂದ ಕೆಂಪು ರಟ್ಟಿನ ಚೀಟಿಯೊಂದನ್ನು ತೆಗೆದು ಅದಕ್ಕೆ ಕಟ್ಟಿದ. ಬಾಯ್ಲರ್ ರಿಪೇರಿಯ ವೇಳೆ ವಾಲ್ವಿಗೆ ಕಟ್ಟುವ ಚೀಟಿ ಅದು. 'ಕೆಲಸ ನಡೆಯುತ್ತಿದೆ. ತೆರೆಯಬಾರದು.' ಕಟ್ಟಿದವನ ಹೊರತು ಬೇರೆಯವರು ಬಿಚ್ಚುವಂತಿಲ್ಲ.

"ಇನ್ನೊಬ್ಬರು ಮುಟ್ಟೋ ಹಾಗಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಹೊರಗೆ ಗೇಟಿನ ಬಳಿಗೆ ನಡೆದ. ಬಾಯ್ಲರಿಗೆ ಬೆಂಕಿ ಹಾಕಿದ ಮೇಲೆ ಹೊರಗೆ ಬಂದು ಚಿಮಣಿಯ ಹೊಗೆ ನೋಡುವುದು ಅವನ ಅಭ್ಯಾಸ. ಮನೆಗೆ ಚಿಮಣಿಯಿರಲಿಲ್ಲ. ಆದರೆ ಗೇಟಿನ ಆಚೆ ನಿವೃತ್ತ ಅಂಚೆಯವನಿದ್ದ. ಅವನಿಗೆ ಹದಿಮೂರು ನಿಮಿಷ, ಅಡುಗೆ ಎಂದರೆ ಹೆಂಗಸರು ಅಂದುಕೊಂಡಷ್ಟು ದೊಡ್ಡ ವಿಷಯವಲ್ಲವೆಂದೂ, ಪದ್ಧತಿ ಗೊತ್ತಿರಬೇಕು ಅಷ್ಟೇ ಎಂದೂ ತಿಳಿಸಿ ಹೇಳಿದ.

ಸರಿಯಾಗಿ ಹದಿನೈದನೆಯ ನಿಮಿಷಕ್ಕೆ ಒಳಗೆ ಬಂದು ಗಂಟಿಗೆ ಕೈ ಹಾಕಿದ. ಗಂಟು ಬಿಚ್ಚಲಿಲ್ಲ.

ಅವನು ಹಾಕುವುದು ಬಾಯ್ಲರ್ ಮನೆಯ ಕುಣಿಕೆ. ಒಂದು ತುದಿ ಎಳೆದರೆ ತಾನಾಗಿ ಬಿಚ್ಚಿಕೊಳ್ಳಬೇಕು. ಇದು ಪುಟ್ಟದಾಗಿ, ಬಿಗಿಯಾಗಿ, ತುದಿ ಒಳಗೆ ಸೇರಿಸಿಬಿಟ್ಟ ಗಂಟು. ಗುಂಡಿ ಹೊಲಿದು ಮುಗಿಸುವಾಗ ಹಾಕುತ್ತಾರಲ್ಲ, ಅಂಥದ್ದು. ಕತ್ತರಿಯಿಂದ ಕತ್ತರಿಸಿ ಮುಚ್ಚಳ ತೆಗೆದ. ದಿಂಬುಗಳಿರಬೇಕಾದ ಜಾಗದಲ್ಲಿ ಬಿಲ್ಲೆಗಳಿದ್ದವು. ಒಂದೂ ತೇಲುತ್ತಿರಲಿಲ್ಲ.

ಫೋರ್‌ಮನ್ ಆ ದಾರವನ್ನು ಜೇಬಿಗಿಳಿಸಿದ.

ಮಲಗುವ ಕೋಣೆಯಲ್ಲೇ ಎಲ್ಲರಿಗೂ ಬಡಿಸಿದ. ಮೊದಲ ಬಟ್ಟಲನ್ನು ಹೆಂಡತಿಗೆ ಕೊಟ್ಟು, ಅವಳ ಮುಖವನ್ನೇ ನೋಡುತ್ತ ಕೂತ. ಅವಳು ಒಂದು ಚಮಚ ರಸ ಕುಡಿದಳು. ಇನ್ನೊಂದು ಕುಡಿದಳು. ಕಣ್ಣು ಮುಚ್ಚಿಕೊಂಡಳು. "ಚೆನ್ನಾಗಿದೆ. ನಿಜವಾಗ್ಲೂ" ಎಂದಳು. ಅಷ್ಟು ಸಾಕಾಗಿತ್ತು, ಆದರೆ ಅಷ್ಟರಲ್ಲಿ ತಾಯಿ ಒಂದು ಉಂಡೆಯನ್ನು ಚಮಚದಿಂದ ಒತ್ತಿ ನೋಡಿದಳು.

"ಇದನ್ನ ಕೋಟಿಗೆ ಗುಂಡಿ ಅಂತ ಹೊಲೀಬಹುದು ಕಣೋ."

"ನಾಲ್ಕು ತೂತು ಮಾಡಿಕೊಡಿ ಅಜ್ಜಿ, ಅಮ್ಮನ ಡಬ್ಬಿಗೆ ಹಾಕ್ತೀನಿ" ಎಂದಳು ಮಗಳು.

ಫೋರ್‌ಮನ್ ಮಾನ ಹೋಗುತ್ತಿತ್ತು. ಆವಿಯ ವಿಷಯದಲ್ಲಿ, ಅದೂ ಸ್ವಂತ ಮನೆಯಲ್ಲಿ. ಅವನು ಎದ್ದು ನಿಂತು, ಜೇಬಿನಿಂದ ದಾರ ತೆಗೆದು ಎತ್ತಿ ಹಿಡಿದ.

"ಉಂಡೆ ಕೂತಿದ್ದು ನನ್ನ ತಪ್ಪಿನಿಂದ ಅಲ್ಲ. ಯಾರೋ ಮುಚ್ಚಳ ತೆಗೆದಿದ್ದಾರೆ. ಈ ಗಂಟು ನಂದಲ್ಲ. ಇದು ಟೈಲರ್ ಗಂಟು."

ಎಲ್ಲರೂ ಹಾಸಿಗೆಯ ಕಡೆ ನೋಡಿದರು. ಸ್ಕೇಲು ಮಂಚಕ್ಕೆ ಒಂದು ಸಲ ಬಡಿಯಿತು.

"ಯಾಕೆ ತೆಗೆದೆ?"

"ತಳ ಹಿಡಿದಿರಬಹುದು ಅಂತ ಭಯ ಆಯ್ತು."

"ಮೂಗು ಕಟ್ಟಿರೋಳಿಗೆ ಸೀದ ವಾಸನೆ ಹೇಗೆ ಬಂತು?"

"ಬರ್ಲಿಲ್ಲ. ಅದಕ್ಕೇ ಭಯ ಆಯ್ತು."

ತಪ್ಪೊಪ್ಪಿಗೆ ಸಿಕ್ಕಿತ್ತು. ಫೋರ್‌ಮನ್ ಎದೆಯುಬ್ಬಿಸಿ, ಬಾಯ್ಲರ್ ಮನೆಯ ಗೋಡೆಗೆ ಹಾಕಿದ್ದ ನಿಯಮವನ್ನು ಬಾಯಿಪಾಠ ಒಪ್ಪಿಸಿದ. "ಕೆಂಪು ಚೀಟಿ ಕಟ್ಟಿದ್ದನ್ನು ಅನುಮತಿಯಿಲ್ಲದೆ ಯಾರೇ ತೆರೆದರೂ ಅಂಥವರು ಮೂರು ತಿಂಗಳ ಕಾಲ ಒಳಗೆ ಕಾಲಿಡತಕ್ಕದ್ದಲ್ಲ."

ಹೆಂಡತಿ ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟಳು.

"ಎಲ್ಲಿಗೆ ಕಾಲಿಡಬಾರದು?"

"ಬಾಯ್ಲರ್ ಮನೆಗೆ. ಅಂದ್ರೆ, ಇಲ್ಲಿ, ಅಡುಗೆಮನೆಗೆ."

"ಮೂರು ತಿಂಗಳು."

"ನಿಯಮ ಅಂದ್ರೆ ನಿಯಮ."

"ಬೆಳಗ್ಗೆ ಟೀ ಮಾಡೋಕೂ?"

"ಕಾಲಿಡತಕ್ಕದ್ದಲ್ಲ" ಎಂದ ಫೋರ್‌ಮನ್. ಎರಡನೆಯ ಸಲ ಹೇಳುವಾಗ ಆ ವಾಕ್ಯದ ಕೊನೆಯಲ್ಲಿ ಏನೋ ಸಡಿಲವಾದಂತೆ ಅವನಿಗೇ ಅನ್ನಿಸಿತು.

"ದಾಖಲೆ ಪುಸ್ತಕ ಕೊಡಿ" ಎಂದಳು ಹೆಂಡತಿ. ಮಗಳು ಓಡಿಹೋಗಿ ತಂದುಕೊಟ್ಟಳು. ಅವಳು ಅದರಲ್ಲಿ 'ಮುಚ್ಚಳ ತೆರೆದವರು' ಎಂದು ಬರೆದು, ಕೆಳಗೆ ನೀಟಾಗಿ ಸಹಿ ಹಾಕಿದಳು.

ತಾಯಿ ಕನ್ನಡಕ ಸರಿಮಾಡಿಕೊಂಡಳು. "ಇಲ್ಲಿ ಕೊಡೇ ಅದನ್ನ. ನಾನೂ ಮುಚ್ಚಳ ತೆಗೆದಿದ್ದೆ."

"ಅಮ್ಮ, ನೀನು ಕುರ್ಚಿಯಿಂದ ಎದ್ದಿಲ್ಲ."

"ನೀನು ಗೇಟಲ್ಲಿ ಭಾಷಣ ಮಾಡ್ತಿದ್ದೆ. ನಿನಗೇನು ಗೊತ್ತು? ಐವತ್ತೆಂಟು ವರ್ಷ ಆ ಒಲೆ ಮುಂದೆ ನಿಂತವಳು ಸುಳ್ಳು ಹೇಳ್ತೀನಾ?"

ಮಗಳು ಆಗಲೇ ಪೆನ್ನಿಗೆ ಕೈ ಚಾಚಿದ್ದಳು. "ಅಪ್ಪ, 'ಯಾರೇ ತೆರೆದರೂ' ಅಂತ ಇದೆ ತಾನೆ? ಎಷ್ಟು ಜನ ಅಂತ ಮಿತಿ ಹಾಕಿಲ್ಲ."

"ನೀನು ಯಾವಾಗ ತೆಗೆದೆ?"

"ಅಜ್ಜಿ ಆದ್ಮೇಲೆ, ಅಮ್ಮನಿಗಿಂತ ಮುಂಚೆ" ಎಂದಳು, ಸಹಿ ಹಾಕುತ್ತ.

ಇನ್ನು ಅಲ್ಲಿ ನಿಲ್ಲುವುದು ಕ್ಷೇಮವಲ್ಲವೆಂದು ಫೋರ್‌ಮನ್ ಖಾಲಿ ಬಟ್ಟಲುಗಳನ್ನು ಹಿಡಿದುಕೊಂಡು ಅಡುಗೆಮನೆಗೆ ಬಂದ. ಒಂದು ಪಾತ್ರೆಯ ಅಡುಗೆಗೆ ಹದಿನಾಲ್ಕು ಪಾತ್ರೆಗಳು ಕೊಳೆಯಾಗಿದ್ದವು. ಹೆಂಡತಿ ಮಾಡುವಾಗ ಇವೆಲ್ಲ ಎಲ್ಲಿ ಹೋಗುತ್ತಿದ್ದವು ಎಂದು ಯೋಚಿಸುತ್ತ ಕಟ್ಟೆ ಒರೆಸಲು ಮೈದಾ ಡಬ್ಬಿ ಸರಿಸಿದ. ಡಬ್ಬಿಯ ಹಿಂದೆ ಬೇಕಿಂಗ್ ಪೌಡರ್ ಪೊಟ್ಟಣ ಕೂತಿತ್ತು. ಹೊಸದು. ಅದರ ಮೂಲೆಯನ್ನು ಯಾರೂ ಕತ್ತರಿಸಿರಲಿಲ್ಲ.

ಫೋರ್‌ಮನ್ ದಾಖಲೆ ಪುಸ್ತಕದಲ್ಲಿ ತಾನೇ ಹಾಕಿದ್ದ ಗುರುತನ್ನು ನೆನೆದ. ಮುಚ್ಚಳ ತೆಗೆಯದಿದ್ದರೂ ಈ ಉಂಡೆಗಳು ಏಳುತ್ತಿರಲಿಲ್ಲ. ಈಗ ದಾರಿ ಎರಡಿದ್ದವು. ಸುಮ್ಮನಿದ್ದರೆ ಮಾನ ಉಳಿಯುತ್ತದೆ, ಮೂರು ತಿಂಗಳು ಈ ಕೋಣೆಯೂ ತನ್ನ ಪಾಲಿಗೇ ಉಳಿಯುತ್ತದೆ. ಒಪ್ಪಿಕೊಂಡರೆ ಎರಡೂ ಹೋಗುತ್ತವೆ. ಅವನು ಸಿಂಕಿನ ಕಡೆ ಒಮ್ಮೆ ನೋಡಿದ. ಮಾನವೆಂಬುದು ಅಷ್ಟು ದೊಡ್ಡ ವಸ್ತುವೇನಲ್ಲ ಅನ್ನಿಸಿತು.

ಅಷ್ಟರಲ್ಲಿ ಮಂಚದಿಂದ ಮೂರು ಬಡಿತ ಕೇಳಿತು. ಪೊಟ್ಟಣ ಹಿಡಿದುಕೊಂಡೇ ಹೋದ.

"ನೋಡು" ಎಂದು ತಲೆತಗ್ಗಿಸಿ ಹೇಳಿದ, "ತಪ್ಪು ನಂದೇ. ಇದನ್ನ ಹಾಕೋದೇ ಮರೆತಿದ್ದೆ. ಹಾಗಾಗಿ ನಿನ್ನ ಶಿಕ್ಷೆ ರದ್ದು."

"ಗೊತ್ತು. ಮುಚ್ಚಳ ತೆಗೆದಾಗಲೇ ಪೊಟ್ಟಣ ನೋಡಿದೆ."

"ಮತ್ತೆ ಯಾಕೆ ಸಹಿ ಹಾಕಿದೆ?"

ಹೆಂಡತಿ ದಿಂಬು ಸರಿಮಾಡಿಕೊಂಡಳು. "ನಿಮ್ಮ ನಿಯಮದಲ್ಲಿ ಉಂಡೆ ಉಬ್ಬೋ ವಿಷಯ ಎಲ್ಲಿದೆ? ತೆರೆದರೆ ಅಂತ ಇದೆ. ನಾನು ತೆರೆದಿದ್ದೀನಿ." ಆಮೇಲೆ ಬಟ್ಟಲು ಚಾಚಿದಳು. "ರಸ ಇನ್ನೂ ಇದ್ದರೆ ಸ್ವಲ್ಪ ಹಾಕ್ಕೊಂಡು ಬನ್ನಿ. ಚೆನ್ನಾಗಿದೆ ಅಂದಿದ್ದು ಸುಳ್ಳಲ್ಲ."

ಅವನು ರಸ ಬಿಸಿಮಾಡಿ ತಂದುಕೊಟ್ಟ. ಅವಳು ಊದುವ ಮೊದಲೇ ತಾನೇ ಎರಡು ಸಲ ಊದಿದ. ತಿರುಗಿ ಬರುವಷ್ಟರಲ್ಲಿ ಅಡುಗೆಮನೆಯ ಬಾಗಿಲ ಚಿಲಕಕ್ಕೆ ಕೆಂಪು ಚೀಟಿ ತೂಗುತ್ತಿತ್ತು. ಮಗಳ ಕೆಲಸವಿರಬೇಕು, ಆದರೆ ಗಂಟು ಅವಳು ಅಮ್ಮನಿಂದ ಕಲಿತದ್ದು. ಕಟ್ಟಿದವರ ಹೊರತು ಬೇರೆಯವರು ಬಿಚ್ಚುವಂತಿಲ್ಲ.

ಫೋರ್‌ಮನ್ ಒಳಗೆ ಹೋಗಿ ತೋಳು ಮಡಚಿ, ಹದಿನಾಲ್ಕನ್ನೂ ತೊಳೆದು ಬೋರಲು ಹಾಕಿ, ಕೈ ಒರೆಸಿಕೊಂಡ. ಆಮೇಲೆ ಪುಸ್ತಕ ತೆರೆದು, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಕೆಲಸ ಮುಗಿದ ಮೇಲೆ ದಾಖಲೆ ಬರೆದ. 'ಸಂಜೆ ಆರು ಐವತ್ತು. ಪಾತ್ರೆ ತೊಳೆದದ್ದಾಯಿತು. ಸಿಬ್ಬಂದಿ: ಒಬ್ಬ.'