ದೇವರ ಹತ್ತಿರ ಒತ್ತೆ ಇಟ್ಟ ಸಿಟ್ಟು

ಕೆಲವರನ್ನು ದೇವರು ಕಷ್ಟ ಕೊಟ್ಟು ಪರೀಕ್ಷಿಸುತ್ತಾನೆ. ನನ್ನ ಮೇಲೆ ಅವನಿಗೆ ಪ್ರೀತಿ ಹೆಚ್ಚು. ನನ್ನನ್ನು ಮಕ್ಕಳ ಕೈಗೆ ಕೊಟ್ಟು ಪರೀಕ್ಷಿಸುತ್ತಾನೆ, ಅದೂ ಊರವರ ಮಕ್ಕಳ ಕೈಗೆ.

ನಾನು ಖಾನಾಪುರದವಳು, ಬೆಳಗಾವಿಯಲ್ಲಿ ಡಿಗ್ರಿ ಓದುತ್ತೇನೆ. ಸಂಖ್ಯಾಶಾಸ್ತ್ರ ಒಂದು ಹಿಂದೆ ಉಳಿದಿತ್ತು. ಮತ್ತೆ ಬರೆದು ಬಂದಿದ್ದೆ. ಈ ಸಲವೂ ಹೋದರೆ ಕೊನೆಯ ವರ್ಷಕ್ಕೆ ಪ್ರವೇಶವಿಲ್ಲ, ಒಂದು ವರ್ಷ ಮನೆಯಲ್ಲೇ. ಫಲಿತಾಂಶ ರಜೆಯ ಕೊನೆಗೆ. ಹೀಗಾಗಿ ಒಂದು ಮುಂಜಾನೆ ಪೂಜೆಗೆ ಕೂತಾಗ ಅಂಗೈಯ ಲಿಂಗಕ್ಕೆ ಹೇಳಿಬಿಟ್ಟೆ: "ಶಿವನೇ, ಇದೊಂದು ಪಾಸು ಮಾಡಸು. ಫಲಿತಾಂಶ ಬರೂತನಕ ನಾ ಯಾರಿಗೂ ಬೈಯಂಗಿಲ್ಲ."

ಅವ್ವ ಅಡಿಗೆಮನೆಯಿಂದಲೇ ಕೇಳಿಸಿಕೊಂಡಳು. "ಲಿಂಗಯ್ಯನ ಕೂಡ ವ್ಯಾಪಾರ ಮಾಡ್ತಾರೇನ ಹುಚ್ಚಿ?"

"ವ್ಯಾಪಾರ ಅಲ್ಲಬೇ. ಬರೇ ತಿಳಿಸೀನಿ."

ಮರುದಿನವೇ ಬೆಳಗಾವಿಯ ಶಿವಬಸವ ನಗರದ ಒಂದು ಬೇಸಿಗೆ ಶಿಬಿರದಲ್ಲಿ ನನಗೆ ಕೆಲಸ ಸಿಕ್ಕಿತು. ದೇವರು ಎಷ್ಟು ಬೇಗ ಓಗೊಡುತ್ತಾನೆ ನೋಡಿ!

ದೇವರಂಥ ಮಕ್ಕಳು

ಶಿಬಿರ ನಡೆಸುವ ಸರ್ ದೊಡ್ಡ ಭಕ್ತರು. ಮೊದಲ ದಿನ ಕಣ್ಣು ತೇವ ಮಾಡಿಕೊಂಡೇ ಹೇಳಿದರು: "ನೋಡವಾ, ಮಕ್ಕಳಂದ್ರ ಸಾಕ್ಷಾತ್ ದೇವರು. ಅವರ ಸೇವಾ ಮಾಡೂ ಭಾಗ್ಯ ಎಲ್ಲಾರಿಗೂ ಸಿಗಂಗಿಲ್ಲ."

ಅಷ್ಟು ಹೇಳಿ ಆ ಭಾಗ್ಯವನ್ನು ಪೂರ್ತಿ ನನಗೆ ಬಿಟ್ಟುಕೊಟ್ಟು ತಮ್ಮ ಖೋಲಿಗೆ ಹೋಗಿ ಫ್ಯಾನು ಹಚ್ಚಿ ಕೂತರು. ಒಳಗಿನಿಂದ ಚಿಲಕ ಹಾಕಿದ ಸಪ್ಪಳ ಕೇಳಿತು. ಇತ್ತ ದೇವರುಗಳಲ್ಲಿ ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಅಂಟು ಹಾಕುತ್ತಿದ್ದ, ಮತ್ತೊಬ್ಬ ನೀರಿನ ಟಾಕಿಯಲ್ಲಿ ಎಲ್ಲರ ಚಪ್ಪಲಿ ತೇಲಿಸುತ್ತಿದ್ದ. ನಾನು ಬಾಯಿ ತೆರೆದವಳು ಹರಕೆ ನೆನಪಾಗಿ ಮುಚ್ಚಿಕೊಂಡೆ. ಕಣ್ಣೂ ಮುಚ್ಚಿದೆ, ಕೈ ಜೋಡಿಸಿದೆ, "ಶಿವ ಶಿವ" ಅಂದೆ. ಸಿಟ್ಟು ಇಳಿಯಿತು. ಆಮೇಲೆ ಅದೇ ನನ್ನ ರೂಢಿಯಾಯಿತು.

ಶಿಬಿರ ಮುಗಿಯುವವರೆಗೆ ಆ ಸರ್ ದೇವರ ದರ್ಶನಕ್ಕೆ ಒಮ್ಮೆಯೂ ಹೊರಗೆ ಬರಲಿಲ್ಲ. ಅಷ್ಟು ನಿಷ್ಕಾಮ ಭಕ್ತಿ.

ಹಾರುವ ದೇವರು

ನನ್ನ ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ಇರುತ್ತದೆ. ಎರಡು ಜಡೆಯ ಒಬ್ಬ ಹುಡುಗಿ, ವಯಸ್ಸು ಸಣ್ಣದು, ಪ್ರಶ್ನೆ ದೊಡ್ಡದು, ಅದನ್ನೇ ನೋಡುತ್ತ ನಿಂತಳು.

"ಟೀಚರ್, ಅದರಾಗ ಏನೈತ್ರಿ?"

"ನನ್ನ ದೇವರವಾ."

"ಹೊರಗ ಬರಂಗಿಲ್ಲೇನ್ರಿ?"

"ಮುಂಜಾನಿ ಪೂಜಾದಾಗ ಬರ್ತಾನ. ನನ್ನ ಅಂಗೈಮ್ಯಾಲ ಕುಂದರ್ತಾನ."

ಒಂದು ಎಳೆ ಜೀವಕ್ಕೆ ಇಷ್ಟಲಿಂಗದ ತತ್ತ್ವ ತಿಳಿಸಿದೆನಲ್ಲಾ ಎಂದು ಆ ದಿನವೆಲ್ಲ ನನಗೆ ಸಮಾಧಾನವೋ ಸಮಾಧಾನ.

ಮರುದಿನ ಅವಳು ಕೊರಳಿಗೆ ದಾರ ಕಟ್ಟಿ ಕಡ್ಡಿಪೆಟ್ಟಿಗೆ ಇಳಿಬಿಟ್ಟುಕೊಂಡು ಬಂದಳು. "ಟೀಚರ್, ನನ್ನ ದೇವರನ್ನೂ ತಂದೀನ್ರಿ" ಎಂದವಳೇ ಪೆಟ್ಟಿಗೆ ತೆರೆದಳು. ಒಳಗಿಂದ ಮಿರಿಮಿರಿ ಮಿಂಚುವ ಹಸಿರು ಹುಳವೊಂದು ಬುರ್‍ರೆಂದು ಎದ್ದು ನೇರ ನನ್ನ ತುರುಬಿಗೆ ಬಂದು ಕೂತಿತು. ಮಕ್ಕಳೆಲ್ಲ ಕಿರುಚಿ ಬೆಂಚು ಹತ್ತಿದರು. ನಾನು ಕಣ್ಣು ಮುಚ್ಚಿ "ಶಿವ ಶಿವ" ಅನ್ನುತ್ತ ಕಲ್ಲಿನಂತೆ ನಿಂತೆ.

ಅವಳು ಮಾತ್ರ ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದಳು: "ನಮ್ಮಾಂವ ಹಾರತಾನ್ರಿ. ನಿಮ್ಮಾಂವ ಹಾರತಾನೇನ್ರಿ?"

ಸೂಕ್ಷ್ಮ ಮನಸ್ಸಿನ ಹುಡುಗ

ಚಪ್ಪಲಿ ತೇಲಿಸಿದ ಹುಡುಗನ ತಾಯಿ ಮೊದಲ ವಾರವೇ ನನ್ನನ್ನು ಬಾಜೂಕ ಕರೆದು ಹೇಳಿದ್ದರು: "ನಮ್ಮ ಹುಡಗನ ಮನಸ್ಸು ಭಾಳ ಸೂಕ್ಷ್ಮ ಐತ್ರಿ. ದಯವಿಟ್ಟು ಬೈಬ್ಯಾಡ್ರಿ. ಒಂದು ಮಾತಂದ್ರ ಮನಸ್ಸಿಗೆ ಹಚ್ಕೊಂತಾನ."

"ಇಲ್ಲ ಬಿಡ್ರಿ, ನಂದು ಹರಕಿ ಐತಿ" ಅಂದೆ. ಅವರಿಗೆ ಬಹಳ ಸಂತೋಷವಾಯಿತು.

ಒಂದು ಸಂಜೆ ಅವರು ಅವನನ್ನು ಕರೆದೊಯ್ಯಲು ಬಂದು ಸ್ಕೂಟಿ ನಿಲ್ಲಿಸಿ ಒಳಗೆ ಬಂದರು. ಹೊರಗೆ ಹೋಗುವಷ್ಟರಲ್ಲಿ ಸೂಕ್ಷ್ಮ ಮನಸ್ಸು ಸ್ಕೂಟಿಯ ಬಿಳಿ ಸೀಟಿನ ಮೇಲೆ ಶಿಬಿರದ ಬಣ್ಣದಿಂದ ನವಿಲು ಬಿಡಿಸಿತ್ತು. ಗರಿ ಸಮೇತ. ತಾಯಿ ಒಂದು ಮಾತೂ ಆಡದೆ ಅವನ ಬೆನ್ನಿಗೆ ಧಬಧಬ ಎರಡು ಕೊಟ್ಟರು.

"ಅಯ್ಯ, ಬ್ಯಾಡ್ರಿ ಅಕ್ಕಾರ, ಮನಸ್ಸಿಗೆ ಹಚ್ಕೊಂತಾನ ಅಂದಿದ್ರೆಲ್ರಿ?"

"ನಾ ಎಲ್ಲಿ ಬೈದೆನ್ರಿ?" ಅಂದರು ಅವರು, ಶಾಂತವಾಗಿ. "ಬೆನ್ನಿಗಷ್ಟ ಹಚ್ಚೀನಿ."

ಖಾನಾಪುರದಲ್ಲಿ ವಿಶ್ರಾಂತಿ

ವಾರವೆಲ್ಲ ಶಿವಬಸವ ನಗರದ ಚಿಕ್ಕಮ್ಮನ ಮನೆಯಲ್ಲಿ ಇದ್ದು, ಭಾನುವಾರ ಊರಿಗೆ ಬಂದರೆ ವಿಶ್ರಾಂತಿ ಎಂದು ನಂಬಿದ್ದೆ. ನಂಬಿಕೆ ನನಗೆ ಮೊದಲಿನಿಂದಲೂ ಹೆಚ್ಚು.

ಬಾಗಿಲಲ್ಲೇ ಬಾಜೂ ಮನೆಯ ಮಾವಶಿ ತಮ್ಮ ಅವಳಿ ಮೊಮ್ಮಕ್ಕಳನ್ನು ಹಿಡಿದು ನಿಂತಿದ್ದರು. "ಆಲೀಸ್ ಕಾ? ಬರಂ ಝಾಲಂ!" ಎಂದು ನಾನು ಬಂದದ್ದಕ್ಕೆ ಮರಾಠಿಯಲ್ಲಿ ಆನಂದಪಟ್ಟು, "ಇವರನ್ನ ಜರಾ ನೋಡ್ಕೊ ಮಗಳ, ನಿನಗ ರೂಢಿ ಐತೆಲ್ಲ" ಎಂದು ಕನ್ನಡದಲ್ಲಿ ಮಾಯವಾದರು. ಯಾವ ಭಾಷೆಯಲ್ಲಿ ಬೇಡ ಅನ್ನಬೇಕೆಂದು ಯೋಚಿಸುವುದರೊಳಗೆ ಅವಳಿಗಳು ನನ್ನ ಕರಡಿಗೆಯ ದಾರಕ್ಕೆ ಜೋತುಬಿದ್ದಿದ್ದವು.

ಒಳಗೆ ಹರಕೆಯ ಸುದ್ದಿ ಮೊದಲೇ ಹರಡಿತ್ತು. ತಮ್ಮ ನನ್ನ ಚಾರ್ಜರ್ ತೆಗೆದುಕೊಂಡ. ಅಪ್ಪ ನನ್ನ ಪಾಲಿನ ಮಾವಿನಹಣ್ಣಿನ ಶೀಕರಣೆಯನ್ನು ಕಣ್ಣೆದುರೇ ಚಪ್ಪರಿಸುತ್ತ, "ಸಿಟ್ಟು ಬಂತೇನವಾ? ಬಂದಿಲ್ಲಲಾ? ಶಾಣೇಕಿ!" ಎಂದು ಬಟ್ಟಲು ಖಾಲಿ ಮಾಡಿದರು. ಹರಕೆ ನನ್ನದು, ಫಲ ಮನೆಮಂದಿಯದು. ನಾನು ಕಣ್ಣು ಮುಚ್ಚಿ "ಶಿವ ಶಿವ" ಅಂದೆ.

ಅವ್ವ ನನ್ನನ್ನೇ ನೋಡಿದಳು. "ಬಾಯಿಲೆ ಬೈಲಿಲ್ಲ, ಖರೇ. ಈಗ ಒಳಗ ಏನೇನ ಅಂದಿ?"

"ಏನಿಲ್ಲಬೇ."

"ದೇವರು ಹೊರಗಿಂದಷ್ಟ ಕೇಳ್ತಾನಂತ ಯಾರ ಹೇಳ್ಯಾರ ನಿನಗ?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಂಖ್ಯಾಶಾಸ್ತ್ರದ ಭಯ ಒಂದಾದರೆ, ಒಳಗೆ ಅಂದದ್ದರ ಸಂಖ್ಯೆ ಇನ್ನೊಂದು.

ಸಮಾರೋಪ

ಕೊನೆಯ ದಿನ ಫಲಿತಾಂಶವೂ ಅವತ್ತೇ ಸಂಜೆ ಎಂದು ಸುದ್ದಿ ಬಂತು. ಅವ್ವ ಖಾನಾಪುರದಿಂದ ಸಮಾರಂಭ ನೋಡಲು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಮುಖ್ಯ ಅತಿಥಿ ಹಿರಿಯರು, ಶಾಲು ಹೊದ್ದವರು. ಈಗಿನ ಮಕ್ಕಳಲ್ಲಿ ಸಂಸ್ಕಾರವೇ ಇಲ್ಲವೆಂದು ಶುರು ಮಾಡಿದವರು ನಿಲ್ಲಿಸುವ ದಾರಿ ಕಾಣದೆ ಮುಂದುವರಿದಿದ್ದರು. ಮಕ್ಕಳ ನೃತ್ಯದ ಬಣ್ಣ ಬೆವರಿಗೆ ಕರಗಿ ಕೆನ್ನೆಯಿಂದ ಇಳಿಯುತ್ತಿತ್ತು.

ಆಗ ಎರಡು ಜಡೆಯ ಹುಡುಗಿ ಕಣ್ಣು ಮುಚ್ಚಿ, ಕೈ ಜೋಡಿಸಿ "ಶಿವ ಶಿವ" ಅಂದಳು. ಪಕ್ಕದವನೂ ಅಂದ. ನೋಡನೋಡುತ್ತಿದ್ದಂತೆ ಅಷ್ಟೂ ಮಕ್ಕಳು ಕಣ್ಣು ಮುಚ್ಚಿ ಒಂದೇ ದನಿಯಲ್ಲಿ "ಶಿವ ಶಿವ, ಶಿವ ಶಿವ."

ಅತಿಥಿಗಳು ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡರು. "ನೋಡ್ರಿ, ನೋಡ್ರಿ! ನನ್ನ ಮಾತು ನಾನ ಹಿಂದ ತಗೋತೀನಿ" ಅಂದರು. ಮಾತು ಆಡುವುದಕ್ಕಿಂತ ಹಿಂದೆ ತೆಗೆದುಕೊಳ್ಳುವುದಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಕೊನೆಗೆ ಮೈಕು ಹಿಡಿದೇ ಕೆಳಗಿಳಿದು ಆ ಹುಡುಗಿಯ ತಲೆ ಸವರಿದರು.

"ಯಾರು ಕಲಿಸಿದ್ರವಾ ಇಂಥಾ ಭಕ್ತಿ?"

"ನಮ್ಮ ಟೀಚರ್‍ರಿ."

"ದಿನಾ ಹೇಳಸ್ತಾರೇನು?"

"ನಮ್ಮ ಕಡಿಂದ ಹೇಳಸಂಗಿಲ್ರಿ. ಯಾರನ್ನರ ಎತ್ತಿ ಒಗೀಬೇಕು ಅನಿಸಿದಾಗ ಅವರ ಹೇಳ್ತಾರ್ರಿ."

ಮೈಕು ಬಹಳ ಒಳ್ಳೆಯದಿತ್ತು. ಅತಿಥಿಗಳು ನಿಧಾನವಾಗಿ ನನ್ನತ್ತ ತಿರುಗಿದರು. ನನಗೆ ಆ ಗಳಿಗೆಯಲ್ಲಿ ತಿಳಿದದ್ದು ಒಂದೇ. ಕಣ್ಣು ಮುಚ್ಚಿದೆ, ಕೈ ಜೋಡಿಸಿದೆ, "ಶಿವ ಶಿವ" ಅಂದೆ.

ಬಿದ್ದ ನಗೆಗೆ, ಶಿಬಿರ ಶುರುವಾದಾಗಿನಿಂದ ಮುಚ್ಚಿದ್ದ ಸರ್ ಖೋಲಿಯ ಚಿಲಕವೂ ತೆರೆಯಿತು.

ಸಂಜೆ ಖಾನಾಪುರದ ಬಸ್ಸಿನಲ್ಲಿ, ಮಚ್ಛೆ ಊರು ದಾಟಿದ ಮೇಲೆ, ಮೊಬೈಲಿನಲ್ಲಿ ಫಲಿತಾಂಶ ತೆರೆದೆ. ಪಾಸು! ಪಾಸಿಗೆ ಎಷ್ಟು ಬೇಕೋ ಅಷ್ಟೇ, ಅರ್ಧ ಅಂಕವೂ ಹೆಚ್ಚಿಲ್ಲ. ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಅವ್ವನಿಗೆ ತೋರಿಸಿದೆ.

ಅವ್ವ ಅಂಕವನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗು ಬಾಯಿಗೆ ಹಿಡಿದಳು.

"ಬಾಯಿಲೆ ಬೈಲಿಲ್ಲಂತ ಪಾಸ್ ಮಾಡ್ಯಾನ ನೋಡು. ಉಳಿದ ಮಾರ್ಕ್ಸೆಲ್ಲಾ ಒಳಗ ಬೈದಿದ್ದಕ್ಕ ಮುರಕೊಂಡಾನ."