ನಾನು ಸಾಲ ವಸೂಲಿಗಾರನಲ್ಲ ಎಂಬ ಪ್ರಮಾಣಪತ್ರದ ಬಗ್ಗೆ

ಇಂದ,
ಗೋಪೀನಾಥ, ಮೂಲತಃ ತಿಪಟೂರು,
ಹಾಲಿ ವಾಸ: ಹ್ಯಾರಿಸ್ ಪಾರ್ಕ್, ಸಿಡ್ನಿ (ಸಿಹಿತಿಂಡಿ ಅಂಗಡಿಯ ಮೇಲಿನ ಯೂನಿಟ್)

ಗೆ,
ಸಾಲ ವಸೂಲಿಗಾರರ ನೋಂದಣಿ ನೋಡಿಕೊಳ್ಳುವ ಅಧಿಕಾರಿಗಳು,
ನ್ಯೂ ಸೌತ್ ವೇಲ್ಸ್ ಅಥವಾ ವಿಕ್ಟೋರಿಯಾ, ಎರಡರಲ್ಲಿ ಯಾರಿದ್ದೀರೋ ಅವರು

ವಿಷಯ: ವಸೂಲಿಗಾರನಾಗಿ ನೋಂದಾಯಿಸಲು ಅರ್ಜಿ ಮತ್ತು ಸದರಿ ಅರ್ಜಿಯನ್ನು ತಿರಸ್ಕರಿಸಲು ಕೋರಿಕೆ.

ಉಲ್ಲೇಖ: 1) ನನ್ನ ಶ್ರೀಮತಿ ಅರುಂಧತಿಯ ಮೌಖಿಕ ಆದೇಶ, ಪ್ರತಿ ಭಾನುವಾರ.
2) ವಾಸಂತಿ ಆಂಟಿಯ ಅಳಿಯ ಸುದರ್ಶನ್ ಕಳಿಸಿದ ವಾಟ್ಸಾಪ್ ಸಂದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಅರ್ಜಿದಾರನಾದ ನಾನು ನಾರ್ತ್ ಸಿಡ್ನಿಯ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಟ್ಟವರ ಫೋನ್ ಎತ್ತುವವನು. ಯಾರನ್ನೂ ಹೆದರಿಸಿ ಗೊತ್ತಿಲ್ಲ. ಅರ್ಜಿಯನ್ನು ಕನ್ನಡದಲ್ಲಿ, ಕೈಬರಹದಲ್ಲಿ ಬರೆದಿರುವುದಕ್ಕೆ ಕ್ಷಮೆ ಇರಲಿ. ಶ್ರೀಮತಿಯವರು ಕನ್ನಡ ಓದುತ್ತಾರೆ, ಆದರೆ ನನ್ನ ಅಕ್ಷರ ಓದಲು ಮದುವೆಯಾಗಿ ಹದಿಮೂರು ವರ್ಷದಲ್ಲಿ ಒಮ್ಮೆಯೂ ಅವರಿಂದ ಆಗಿಲ್ಲ.

1. ಆರು ವರ್ಷದ ಹಿಂದೆ, ನನ್ನ ಹಳೆಯ ರೂಮ್‌ಮೇಟ್ ಇಂದ್ರೇಶ್, ಚನ್ನರಾಯಪಟ್ಟಣದವನು, ವಿಕ್ಟೋರಿಯಾದ ಮೆಲ್ಬರ್ನಿನ ವೆರಿಬೀಯಲ್ಲಿ ಬಾಡಿಗೆ ಮನೆ ಹಿಡಿಯುವಾಗ ಬಾಂಡ್, ಅಂದರೆ ಮನೆ ಅಡ್ವಾನ್ಸ್, ಕಟ್ಟಲು ನನ್ನಿಂದ ಮೂರು ಸಾವಿರದ ಇನ್ನೂರು ಡಾಲರ್ ಪಡೆದನು. ಇದು ಸಾಲವಲ್ಲ, ಕೈಗಡ. ತಮ್ಮ ಫಾರಂನಲ್ಲಿ ಕೈಗಡಕ್ಕೆ ಕಾಲಂ ಇಲ್ಲ. ಕಾಗದವಿಲ್ಲ, ಬಡ್ಡಿಯಿಲ್ಲ, "ಯಾವಾಗ ಕೊಡ್ತೀಯೋ?" ಎಂದು ಕೊಟ್ಟವನು ಕೇಳುವಂತಿಲ್ಲ, ಪಡೆದವನು ಮರೆಯುವಂತಿಲ್ಲ. ಅಷ್ಟೇ ನಿಯಮ. ವಿದ್ಯಾರ್ಥಿಗಳಾಗಿದ್ದಾಗ ಇದೇ ಹ್ಯಾರಿಸ್ ಪಾರ್ಕಿನಲ್ಲಿ ಒಂದೇ ಹಾಸಿಗೆಯಲ್ಲಿ ಪಾಳಿ ಪ್ರಕಾರ ಮಲಗಿದವರು ನಾವು. ಆದಕಾರಣ ಕಾಗದದ ಮಾತು ಬರಲಿಲ್ಲ.

2. ಫಾರಂನಲ್ಲಿ "ಸಾಲಗಾರನನ್ನು ಎಷ್ಟು ಬಾರಿ ಸಂಪರ್ಕಿಸಿದ್ದೀರಿ, ಏನು ಮಾತನಾಡಿದಿರಿ?" ಎಂದು ಕೇಳಲಾಗಿದೆ. ಶ್ರೀಮತಿಯವರ ಆದೇಶದ ಮೇರೆಗೆ ಸುಮಾರು ನಲವತ್ತು ಬಾರಿ. ಮಾತುಕತೆಯ ಯಥಾಪ್ರತಿ:

"ಊಟ ಆಯ್ತೇನೋ?"
"ಆಯ್ತು ಮಗಾ. ನಿಂದು?"
"ಆಯ್ತು. ಏನ್ ಮಾಡಿದ್ರು?"
"ಸೊಪ್ಪಿನ ಸಾರು. ಅಲ್ಲಿ?"
"ಇಲ್ಲೂ ಅದೇ ಕಣೋ."

ನಲವತ್ತೂ ಹೀಗೇ. ಊಟ ಕೇಳಿದ ಬಾಯಲ್ಲಿ ದುಡ್ಡು ಕೇಳುವುದು ಹೇಗೆ ಸ್ವಾಮಿ? ಮೊದಲು ದುಡ್ಡು ಕೇಳಿ ಆಮೇಲೆ ಊಟ ಕೇಳೋಣವೆಂದು ಒಮ್ಮೆ ಚೀಟಿಯಲ್ಲಿ ಬರೆದುಕೊಂಡೇ ಕೂತೆ. ಅವನು ಫೋನ್ ಎತ್ತಿದ ತಕ್ಷಣ "ಊಟ ಆಯ್ತಾ?" ಅಂತ ಅವನೇ ಕೇಳಿಬಿಟ್ಟ.

3. ಆದ್ದರಿಂದ ಕಳೆದ ವರ್ಷ ಶ್ರೀಮತಿಯವರು ಖುದ್ದು ವಸೂಲಿಗೆ ಆಜ್ಞಾಪಿಸಿದರು. "ಹೇಳ್ದೆ ಹೋಗ್ರೀ. ಹೇಳಿ ಹೋದ್ರೆ ಪಾಯಸ ಮಾಡಿ ಬಾಯಿ ಮುಚ್ಚಿಸ್ತಾರೆ. ಫ್ಲೈಟ್ ಟಿಕೆಟ್ ನಾನೇ ಬುಕ್ ಮಾಡ್ತೀನಿ. ಅದನ್ನೂ ಅವ್ರ ಲೆಕ್ಕಕ್ಕೆ ಸೇರಿಸಿ." ಹೋದೆನು. ಇಂದ್ರೇಶನ ಹೆಂಡತಿ ಗಾನವಿ ಬಾಗಿಲು ತೆಗೆದು, "ಅಯ್ಯೋ ಗೋಪಿ ಅಣ್ಣ! ಬನ್ನಿ ಬನ್ನಿ, ಕೈ ತೊಳ್ಕೊಳ್ಳಿ" ಅಂದರು. ಚಪಾತಿ, ಹುರುಳಿಕಾಯಿ ಪಲ್ಯ. ಇಂದ್ರೇಶ ಮಾತ್ರ ಕೂರಲಿಲ್ಲ.

"ನೀನೂ ಕೂತ್ಕೊಳೋ."
"ನಂದು ಆಗ್ಲೇ ಆಯ್ತು ಕಣೋ. ನೀನ್ ಹಾಕ್ಕೊ."

ನಾನು ಮೂರನೇ ಚಪಾತಿಯಲ್ಲಿದ್ದಾಗ ಅವರ ಏಳು ವರ್ಷದ ಮಗಳು ಆದ್ಯಾ ತಟ್ಟೆಯಿಂದ ತಲೆಯೆತ್ತದೆ, "ನೋ ಅಪ್ಪಾ, ಯು ಡಿಡಂಟ್ ಈಟ್. ಯು ಆಲ್ವೇಸ್ ಸೇ ದಟ್" ಎಂದಳು.

ಗಾನವಿ ಒಲೆಯ ಕಡೆ ತಿರುಗಿಕೊಂಡರು. ಇಂದ್ರೇಶ ನಕ್ಕ. ಗೋದಾಮಿನ ಕೆಲಸದಲ್ಲಿ ಶಿಫ್ಟ್ ಕಡಿತವಾಗಿ ಆಗಲೇ ಐದು ತಿಂಗಳಾಗಿತ್ತು ಎಂಬುದು ಆಮೇಲೆ ತಿಳಿಯಿತು. ನಲವತ್ತು ಬಾರಿ ಕೇಳಿದ್ದೆ, ನಲವತ್ತು ಬಾರಿ ಆಯ್ತು ಅಂದಿದ್ದ. ಅದರಲ್ಲಿ ಎಷ್ಟು ಸುಳ್ಳೋ ದೇವರೇ ಬಲ್ಲ. ಅಳತೆ ಮಾಡಿ ಲಟ್ಟಿಸಿದ ಚಪಾತಿಯಲ್ಲಿ ನಾನು ತಿನ್ನುತ್ತಿದ್ದುದು ಅವನ ಪಾಲು. ನನಗೆ ತಲೆ ಎತ್ತಲು ನಾಚಿಕೆಯಾಯಿತು ಎಂಬುದನ್ನು ದಾಖಲಿಸಿಕೊಳ್ಳಬೇಕು. ತಿಂದದ್ದನ್ನು ಹಿಂದಿರುಗಿಸಲು ತಮ್ಮ ನಿಯಮಗಳಲ್ಲಿ ಅವಕಾಶ ಇಲ್ಲವೆಂದು ತಿಳಿದಿದ್ದೇನೆ.

4. ಮನೆಗೆ ಬಂದಾಗ ಶ್ರೀಮತಿಯವರು "ಏನಾಯ್ತು?" ಎಂದು ವಿಚಾರಣೆ ನಡೆಸಿದರು. "ಕೊಡ್ತಾನಂತೆ. ಹದಿನೈದು ದಿನಕ್ಕೆ ಐವತ್ತು ಡಾಲರ್ ಕಂತು" ಎಂದು ಹೇಳಿಕೆ ಕೊಟ್ಟೆನು. ಸದರಿ ಹೇಳಿಕೆ ಶುದ್ಧ ಸುಳ್ಳು. ಆದಕಾರಣ ಮರುದಿನದಿಂದ ಆಫೀಸಿನ ಪಕ್ಕದ ಕೆಫೆಯಲ್ಲಿ ಕಾಫಿ ಬಿಟ್ಟೆನು. ದಿನಕ್ಕೆ ಐದು ಡಾಲರ್, ಹತ್ತು ಕೆಲಸದ ದಿನಕ್ಕೆ ಐವತ್ತು. ನನ್ನ ಕೈಖರ್ಚಿನ ಖಾತೆಯಿಂದ ಮನೆಯ ಜಂಟಿ ಖಾತೆಗೆ ಹಾಕಿ, ವಿವರಣೆಯಲ್ಲಿ "ಇಂದ್ರೇಶ್" ಎಂದು ಟೈಪ್ ಮಾಡುತ್ತ ಬಂದೆ. ಹದಿನಾಲ್ಕು ಕಂತು. ಹೀಗೆ ನಾನೇ ಸಾಲಗಾರ, ನಾನೇ ವಸೂಲಿಗಾರ. ಮನೆಗೆ ಬಂದ ಕೂಡಲೇ ಎರಡು ಲೋಟ ಕಾಫಿ ಯಾಕೆ ಕುಡಿಯುತ್ತೀರಿ ಎಂದು ಶ್ರೀಮತಿಯವರು ಕೇಳಿದ್ದಾರೆ. ಆ ಕಡತ ಇನ್ನೂ ಮುಗಿದಿಲ್ಲ.

5. ಇದರಿಂದ ನನ್ನ ಕೀರ್ತಿ ಹಬ್ಬಿತು. "ನಮ್ಮನೆಯವರು ಒಂದೇ ಸಲ ಹೋಗಿ ಬಂದ್ರು ನೋಡಿ, ಒಂದು ಕಂತೂ ತಪ್ಪಿಲ್ಲ" ಎಂದು ಶ್ರೀಮತಿಯವರು ದಿನಸಿ ಅಂಗಡಿಯಲ್ಲಿ ಸಾರಿದರು. ಪರಿಣಾಮವಾಗಿ ನಮ್ಮ ಬೀದಿಯ ವಾಸಂತಿ ಆಂಟಿ, ಯಾರಿಗೋ ಕೊಟ್ಟು ನಾಲ್ಕು ವರ್ಷದಿಂದ ವಾಪಸ್ ಬಾರದ ತಮ್ಮ ದೋಸೆ ಗ್ರೈಂಡರನ್ನು ವಸೂಲಿ ಮಾಡಿಕೊಡಲು ನನಗೆ ವಹಿಸಿದರು. ಆ ಗ್ರೈಂಡರಿನ ಬೆಲೆ ನನಗೆ ಗೊತ್ತು. ಅದನ್ನೂ ನಾನೇ ಕೊಂಡು ಕೊಡಬೇಕಾದರೆ ಮತ್ತೆ ಏನು ಬಿಡಲಿ? ಮಧ್ಯಾಹ್ನದ ಊಟವೊಂದೇ ಉಳಿದಿದೆ.

6. ಆಗ ಸುದರ್ಶನ್ ಬರೆದದ್ದು: "ಅಂಕಲ್, ಬೇರೆಯವರ ಪರವಾಗಿ ಕಲೆಕ್ಟ್ ಮಾಡೋದಾದ್ರೆ ಸ್ಟೇಟ್‌ಗೊಂದು ಥರ ರೂಲ್ಸ್ ಇದೆ. ರಿಜಿಸ್ಟ್ರೇಷನ್ ಬೇಕಾ ಚೆಕ್ ಮಾಡಿ." ದೇವರು ಅವನನ್ನು ಚೆನ್ನಾಗಿಟ್ಟಿರಲಿ. ನೋಂದಣಿ ಸಿಗದಿದ್ದರೆ ನಾನು ಬಚಾವು.

7. ಇಷ್ಟರಲ್ಲಿ ಅನಾಹುತವೊಂದು ನಡೆದುಹೋಯಿತು. ಕಳೆದ ತಿಂಗಳು ಶ್ರೀಮತಿಯವರು ಸಂತೋಷ ತಡೆಯಲಾರದೆ ಗಾನವಿಗೆ ಫೋನ್ ಮಾಡಿ, "ನಿಮ್ಮೋರು ತುಂಬಾ ಕರೆಕ್ಟು ಕಣ್ರೀ, ಕಂತು ತಪ್ಪಿಸಲ್ಲ" ಎಂದು ಹೊಗಳಿದರಂತೆ. ಗಾನವಿ "ಹೌದಾ, ಸಂತೋಷ ಕಣ್ರೀ" ಅಂದರಂತೆ. ನನ್ನ ಮಾನ ಕಾಪಾಡಿದರು. ಆದರೆ ಗಂಡನಿಗೆ ಹೇಳದೆ ಇರುತ್ತಾರೆಯೇ? ಮೂರನೆಯ ದಿನ ಜಂಟಿ ಖಾತೆಗೆ ನಾನು ಹಾಕದ ಐವತ್ತು ಡಾಲರ್ ಬಂತು. ವಿವರಣೆಯಲ್ಲಿ ಎರಡೇ ಪದ: "ಊಟ ಆಯ್ತು".

ಶ್ರೀಮತಿಯವರು "ಈ ಸಲ ಡಬಲ್ ಕಂತು!" ಎಂದು ಕುಣಿದರು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆನು.

ಅಂದಿನಿಂದ ಇಂದ್ರೇಶ ನನ್ನ ಫೋನ್ ಎತ್ತುತ್ತಿಲ್ಲ. ಅವನ ಲೆಕ್ಕದಲ್ಲಿ ನಾನೀಗ ವಸೂಲಿಗಾರ. ದುಡ್ಡು ಬರಲಿ ಬಿಡಲಿ ಮಾನ್ಯರೇ, ಅವನು ನನಗೆ ಬೇಕು. ಈ ದೇಶದಲ್ಲಿ ನನ್ನನ್ನು ಮಗಾ ಅನ್ನುವವನು ಅವನೊಬ್ಬನೇ.

ಆದ್ದರಿಂದ, ಸದರಿ ಕಾರಣಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಅರ್ಜಿದಾರನಿಗೆ ಸಾಲ ವಸೂಲಿಗಾರನಾಗುವ ಯಾವ ಅರ್ಹತೆಯೂ ಇಲ್ಲ, ಹಿಂದೆ ಇರಲಿಲ್ಲ, ಮುಂದೆಯೂ ಬರುವ ಲಕ್ಷಣವಿಲ್ಲ ಎಂದು ಸೀಲು ಹಾಕಿ ಪ್ರಮಾಣಪತ್ರ ದಯಪಾಲಿಸಬೇಕು. ಮೂರು ಪ್ರತಿ: ಒಂದು ನಮ್ಮ ಫ್ರಿಜ್ಜಿನ ಬಾಗಿಲಿಗೆ, ಒಂದು ವಾಸಂತಿ ಆಂಟಿಗೆ, ಒಂದು ವೆರಿಬೀಗೆ. ಈ ಅರ್ಜಿ ಮಾತ್ರ ಯಾವ ಕಾರಣಕ್ಕೂ ಮನೆಯ ವಿಳಾಸಕ್ಕೆ ವಾಪಸ್ ಬರಕೂಡದು.

ತಮ್ಮ ವಿಶ್ವಾಸಿ,
ಗೋಪೀನಾಥ

ಲಗತ್ತುಗಳು:
1) ಬ್ಯಾಂಕ್ ಸ್ಟೇಟ್‌ಮೆಂಟ್ (ಹದಿನಾಲ್ಕು ಕಂತು ನನ್ನವು, ಒಂದು ಅವನದು).
2) ಗ್ರೈಂಡರಿನ ಫೋಟೋ, ವಾಸಂತಿ ಆಂಟಿಯ ಒತ್ತಾಯದ ಮೇರೆಗೆ.
3) ಇಂದ್ರೇಶ ಎತ್ತದ ಇಪ್ಪತ್ತಾರು ಕರೆಗಳ ಪಟ್ಟಿ.

ವಿಶೇಷ ಸೂಚನೆ: ವೆರಿಬೀಯ ಪ್ರತಿಯನ್ನು ಅಂಚೆಯಲ್ಲಿ ಹಾಕದೆ ತಮ್ಮ ಸಿಬ್ಬಂದಿಯೊಬ್ಬರು ಖುದ್ದಾಗಿ ತಲುಪಿಸಬೇಕು. ಬಾಗಿಲು ತೆಗೆದವನನ್ನು "ಊಟ ಆಯ್ತಾ?" ಎಂದು ಕೇಳಬೇಕು. ಆಯ್ತು ಅಂದರೆ ನಂಬಬಾರದೆಂದು ವಿನಂತಿ.