ನನ್ನ ಮೂಲವ್ಯಾಧಿ, ಮಗಳ ಲಗ್ನ

ಮೊಣಕಾಲು ನೋವಾದಾಂವ ಊರೆಲ್ಲಾ ಹೇಳ್ಕೋತ ತಿರಗ್ತಾನ. ಮೂಲವ್ಯಾಧಿ ಆದಾಂವ ಮಾತ್ರ ಸುಮ್ಮನ ನಿಂತಿರ್ತಾನ. ನಿಲ್ಲದ ಏನ್ ಮಾಡ್ಯಾನ, ಕೂಡಾಕ ಬರಬೇಕಲ್ಲ! ಹಂತಾವನ ಮಾನ ಕಳಿಯೋ ಪ್ರಸಂಗ ಒಂದರ ಹಿಂದ ಒಂದು ಬರ್ತಾವ. ನನಗ ಬಂದದ್ದು ಮಗಳಿಗೆ ಸಂಬಂಧ ಕೂಡಿ ಬಂದ ಹೊತ್ತಿನಾಗ. ಹುಡುಗ ಹುಡುಗಿ ಒಪ್ಪಿದ್ರು. ನಾ ಇನ್ನೂ ಮಾರಿನ ನೋಡಿರದ ಬೀಗರು ನಮ್ಮನಿಗೆ ಬರೋದೊಂದು ಬಾಕಿ. "ಅಪ್ಪಾ, ಆವತ್ತು ಏನೂ ಎಡವಟ್ಟು ಮಾಡಬ್ಯಾಡ" ಅಂತ ಮಗಳು ತಾಕೀತು ಮಾಡಿದ್ಲು.

ಬೀಟ್‌ರೂಟ್ ಮ್ಯಾಲ ಆಪಾದನೆ

ಒಂದು ಮುಂಜಾನೆ ಪಾಯಖಾನ್ಯಾಗ ಹನಿ ಹನಿ ಕೆಂಪು. ನೋವಿಲ್ಲ, ಏನಿಲ್ಲ. ಹಿಂದಿನ ದಿನ ಬೀಟ್‌ರೂಟ್ ಪಲ್ಯಾ ತಿಂದಿದ್ದೆ, ತಪ್ಪು ಅದರ ತಲಿಗೆ ಕಟ್ಟಿದೆ. ಹೆಂಡತಿ ಬೀಟ್‌ರೂಟ್ ಬಿಟ್ಟು ದಿನಾ ಬದನಿಕಾಯಿ ಮಾಡಿದ್ಲು. ಆದ್ರೂ ಕೆಂಪು.

"ಈಗ ಬದನಿಕಾಯಿನೂ ಬಣ್ಣ ಬಿಡ್ತದೇನ್ರಿ?" ಅಂದ್ಲು.

ಗಾದಿ ಬಿಟ್ಟ ಗುಮಾಸ್ತ

ಪುಣೆ ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ಅಂಗಡ್ಯಾಗ ನಾ ಗುಮಾಸ್ತ. ಗಾದಿ ಮ್ಯಾಲ ಕಾಲು ಮಡಚಿ ಕೂಡೋದು ಅಲ್ಲಿ ರೂಢಿ. ಬರಬರ್ತಾ ನೋವೂ ಸುರು ಆಗಿ, ಕೂಡಾಕ ಆಗದ ನಾ ಲಾರಿ ನೋಡಾಕ, ಮಾಲು ಇಳಿಸಾಕ ಓಡ್ಯಾಡಿದೆ. ಮಾಲಕರಿಗೆ ಭಾಳ ಖುಷಿ ಆತು. "ಈ ವಯಸ್ಸಿನಾಗ ಏನು ಹುರುಪು! ಬಸಾ ಹೋ, ಬಸಾ!" ಅಂತ ಮರಾಠ್ಯಾಗ ಅಂದು, ಹೆಗಲು ಹಿಡಿದು ಧಪ್ಪಂತ ಕೂಡಿಸಿಬಿಟ್ರು. ನಾ ಹೊಡೆದ ಬೊಬ್ಬಿ ಹೊರಗ ಲಿಲಾವು ಕೂಗಾಂವಗ ಕೇಳಿಸ್ತು. ನಾ ಬೆಲಿ ಕೂಗಿದೆ ಅಂತ ತಿಳಿದು ಅಂವ ಉಳ್ಳಾಗಡ್ಡಿ ಲಿಲಾವು ನನ್ನ ಹೆಸರಿಲೆ ಮುಗಿಸಿಬಿಟ್ಟ.

ಯಾರಿಗೂ ತಿಳಿಯದ ಭಾಷೆ

ಪುಣೆಯಾಗ ನಮ್ಮ ಮಂದಿಗೆ ಒಂದು ಧೈರ್ಯ: ಮನಿ ಹೊರಗ ಕನ್ನಡದಾಗ ಏನಂದ್ರೂ ನಡೀತದ. ಅದಕ್ಕ ಹಡಪಸರದಾಗ ನಮ್ಮ ಕಡೆ ಡಾಕ್ಟರನ್ನ ಹುಡುಕಿ ಹೋದೆ. ನಡುವ ಒಂದು ಪರದೆ, ಆಚೆ ಪಾಳಿ ಕಾಯೋ ಮಂದಿ.

"ಹೊರಗ ಬರ್ತದೇನ್ರಿ?" ಡಾಕ್ಟರದು ಗಟ್ಟಿ ದನಿ.

"ತಿಣುಕಿದ್ರ ಬರ್ತದ್ರಿ!" ನನ್ನದೂ ಗಟ್ಟಿ ದನಿ.

"ತಾನ ಒಳಗ ಹೋಗ್ತದೋ, ಕೈಲೆ ಒತ್ತಬೇಕೋ?"

"ತಾನ ಹೋಗ್ತದ್ರಿ!"

ತಪಾಸಣಿ ಮಾಡಿ, ನನ್ನ ಬೀಟ್‌ರೂಟಿನ ಕಥಿನೂ ಕೇಳಿ ಅಂದ್ರು: "ಎರಡನೇ ಹಂತ. ಒತ್ತಬೇಕಾದ್ರ ಮೂರನೇದು, ಒಳಗ ಹೋಗಲೇ ಇಲ್ಲಂದ್ರ ನಾಲ್ಕನೇದು. ರಕ್ತ ಕಂಡ ಕೂಡಲೇ ಬರೋದು ಬಿಟ್ಟು ಬೀಟ್‌ರೂಟಿನ ವಿಚಾರಣಿ ನಡಸಿದ್ರೇನು!"

ಹೊರಗ ಬಂದೆ. ಗ್ವಾಡಿಗೆ ಆತು ನಿಂತಿದ್ದ ದಪ್ಪ ಮೀಸಿ ಹಿರಿಯರೊಬ್ಬರು ಅಚ್ಚ ಧಾರವಾಡ ಕನ್ನಡದಾಗ, "ಮಜ್ಜಿಗಿ ಭಾಳ ಕುಡೀರಿ" ಅಂದ್ರು.

ಬರ್ರಿ, ಕೂಡ್ರಿ

ರವಿವಾರ ಬೀಗರು ಬಂದ್ರು. ಬಾಗಲಾ ತಗದ್ರ ಅದ ಮೀಸಿ! ಮಗಳ ಸಂಬಂಧ ನನ್ನ ಕುಂಡಿಯಿಂದ ಮುರಿದು ಬೀಳ್ತದ ಅಂತ ಖಾತ್ರಿ ಆತು.

"ಬರ್ರಿ, ಕೂಡ್ರಿ, ಕೂಡ್ರಿ" ಅಂತ ಹೆಂಡತಿ ಉಪಚಾರ ಮಾಡಿದ್ಲು. ಉಳಿದವರೆಲ್ಲಾ ಕುಂತ್ರು. ನಾ ನಿಂತೆ. ಮೀಸಿ ಬೀಗರೂ ನಿಂತ್ರು. ನಾ ಕುಂತ ಮ್ಯಾಲ ಅವರು ಕೂಡ್ತಾರಂತ ತಿಳಿದು ಮಗಳು ಕಣ್ಣು ಬಿಟ್ಟು, "ಅಪ್ಪಾ, ಕೂಡು!" ಅಂದ್ಲು. ಅಕಿ ಕಣ್ಣಾಗ ನೀರು ಬರೋದಷ್ಟ ಬಾಕಿ. ನನಗ ತಡಕೊಳ್ಳಾಕ ಆಗಲಿಲ್ಲ.

"ಬೀಗರ, ಡಾಕ್ಟರ ಕಡೆ ನೀವು ಎಲ್ಲಾ ಕೇಳೀರಿ," ಅಂತ ಕೈ ಮುಗಿದೆ. "ನನ್ನ ಮೂಲವ್ಯಾಧಿ ಸಲುವಾಗಿ ನನ್ನ ಮಗಳನ್ನ ಬ್ಯಾಡ ಅನ್ನಬ್ಯಾಡ್ರಿ."

ಬೀಗರು ಮೀಸಿ ತಿರುವಿದ್ರು.

"ಯಾಕ ಬ್ಯಾಡ ಅನ್ನೋಣ್ರಿ? ನಿಮ್ಮದು ಎರಡನೇ ಹಂತ, ನನ್ನದು ಮೂರನೇದು. ಗಂಡಿನ ಕಡೆಯವರು ಒಂದು ಹಂತ ಮ್ಯಾಲ ಇರಬೇಕಲ್ರಿ!"